ಸರದಿ ಸಾಲಿನ ಸುಳ್ಳು ಸಮಾನತೆ

ಥೀಮ್ ಪಾರ್ಕುಗಳ ಮಾತು ಬಂದಾಗಲೆಲ್ಲ ಒಂದು ವಾದ ತಪ್ಪದೆ ಕೇಳಿಬರುತ್ತದೆ. ಟಿಕೆಟ್ ಕೊಂಡು ಒಳಗೆ ಬಂದವರೆಲ್ಲ ಸಮಾನರು, ಆದ್ದರಿಂದ ಸಾಲು ಎಲ್ಲರಿಗೂ ಒಂದೇ ಇರಬೇಕು. ಬಿಸಿಲಲ್ಲಿ ಒಂದೂವರೆ ಗಂಟೆ ನಿಂತ ಮಕ್ಕಳ ಕಣ್ಣೆದುರಿಗೇ ಇನ್ನೊಂದು ಮಗು ಪಕ್ಕದ ಬಾಗಿಲಿನಿಂದ ಬಂದು ಮೊದಲು ಹತ್ತಿದರೆ ಅದು ಅನ್ಯಾಯ. ಆ ಮಗುವಿನ ಕೈಕಾಲು ನೆಟ್ಟಗಿದ್ದು, ಗಾಲಿಕುರ್ಚಿಯೂ ಇಲ್ಲದಿದ್ದರೆ ಅನ್ಯಾಯದ ಜೊತೆಗೆ ಮೋಸವೂ ಇದೆ ಎಂಬ ಅನುಮಾನ. ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ರಜೆ ಕಳೆಯಲು ಹೋಗುವ ಅಮೆರಿಕನ್ನರಲ್ಲಿ ಈ ವಾದ ಎಷ್ಟು ಬಲವಾಗಿದೆಯೋ, ಮಕ್ಕಳು ಮೊಮ್ಮಕ್ಕಳ ಜೊತೆ ಅಲ್ಲಿಗೆ ಹೋಗಿಬರುವ ನಮ್ಮವರಲ್ಲೂ ಅಷ್ಟೇ ಬಲವಾಗಿದೆ. ಮೃದು ಸ್ವಭಾವದವರು ಇದನ್ನೇ ಸಮಾಧಾನದ ದನಿಯಲ್ಲಿ ಹೇಳುತ್ತಾರೆ: "ಒಂದು ಲೆಕ್ಕಕ್ಕೆ ನಿಮಗೆ ಒಳ್ಳೇದೇ ಆಯ್ತು ಬಿಡಿ, ಕ್ಯೂನಲ್ಲಿ ನಿಲ್ಲೋ ಕಷ್ಟ ಇಲ್ಲ." ಆಟಿಸಂ ಇರುವ ಮಗುವಿನ ತಾಯಿಗೆ ಜನ ಹೇಳುವ ಮಾತು ಇದು.

ಈ ವಾದ ಬುಡದಿಂದಲೇ ತಪ್ಪು. ನ್ಯಾಯದ ಮಾತಿನಲ್ಲಿ ಬರುವುದರಿಂದ ಒಳ್ಳೆಯ ಮನಸ್ಸಿನವರೂ ಅದನ್ನು ಪ್ರಶ್ನಿಸದೆ ಒಪ್ಪಿಕೊಳ್ಳುತ್ತಾರೆ, ಹಾಗಾಗಿಯೇ ಅದು ಹೆಚ್ಚು ಹಾನಿ ಮಾಡುತ್ತದೆ. ಸರದಿ ಸಾಲು ಎಂಬುದು ಜನಸಂದಣಿಯನ್ನು ನಿಭಾಯಿಸಲು ಮಾಡಿಕೊಂಡ ಒಂದು ಏರ್ಪಾಡು. ಆ ಏರ್ಪಾಡು ಒಂದು ಮಗುವನ್ನು ಹೊರಗಿಡುತ್ತಿದ್ದರೆ ಬದಲಾಗಬೇಕಾದ್ದು ಏರ್ಪಾಡೇ ಹೊರತು ಮಗುವಲ್ಲ. ಹಾಗೆ ಬದಲಿಸುವುದರಲ್ಲಿ ದಯೆಯೂ ಇಲ್ಲ, ಪಕ್ಷಪಾತವೂ ಇಲ್ಲ. ಎಲ್ಲರಷ್ಟೇ ಹಣ ಕೊಟ್ಟ ಕುಟುಂಬಕ್ಕೆ ಎಲ್ಲರಿಗೂ ಸಿಕ್ಕಿದ್ದು ಸಿಗಬೇಕು, ಅಷ್ಟೇ.

ನನ್ನ ತಂಗಿಯ ಮಗನಿಗೆ ಆಟಿಸಂ ಇದೆ. ಹಾಗಾಗಿ ಸಾಲು ಎಂಬುದು ಇಂಥ ಮಗುವಿಗೆ ಏನು ಮಾಡುತ್ತದೆ ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ದೂರುವವರಿಗೆ ಗೊತ್ತಿಲ್ಲದಿರುವುದು ಇದೇ. ದೊಡ್ಡ ಪಾರ್ಕಿನ ಸಾಲು ನೇರವಾಗಿ ಇರುವುದಿಲ್ಲ. ಕಂಬಿಗಳ ನಡುವೆ ಹಿಂದಕ್ಕೂ ಮುಂದಕ್ಕೂ ಮಡಿಚಿಕೊಂಡು ಹೋಗುತ್ತದೆ, ಕತ್ತಲ ಹಜಾರ ಹೊಕ್ಕು ಹೊರಬರುತ್ತದೆ, ಇನ್ನೇನು ಮುಗಿಯಿತು ಎನ್ನುವಾಗ ಹೊಸ ತಿರುವು ಎದುರಾಗುತ್ತದೆ. ಜನ ಬೇಸತ್ತು ಹೊರಟುಹೋಗದಿರಲಿ ಎಂದು ಸಾಲಿನ ಉದ್ದವನ್ನು ಮರೆಮಾಡಿಯೇ ಕಟ್ಟಿರುತ್ತಾರೆ. ಕಾಯುವವರ ಮನಸ್ಸಿನ ಬಗ್ಗೆ ಡೇವಿಡ್ ಮೈಸ್ಟರ್ 1985ರಲ್ಲಿ ಬರೆದ ಪ್ರಬಂಧ ಈ ಉದ್ಯಮಕ್ಕೆಲ್ಲ ಪರಿಚಿತ. ಎಷ್ಟು ಹೊತ್ತು ಎಂದು ಗೊತ್ತಿಲ್ಲದ ಕಾಯುವಿಕೆ ಗೊತ್ತಿರುವುದಕ್ಕಿಂತ ದೀರ್ಘ ಅನಿಸುತ್ತದೆ, ಆತಂಕದಲ್ಲಿ ಕಾಯುವವರಿಗೆ ಹೊತ್ತೇ ಹೋಗುವುದಿಲ್ಲ ಎಂದು ಅದರಲ್ಲಿ ಹೇಳಿದೆ. ಇದು ಎಲ್ಲ ಮನುಷ್ಯರ ಅನುಭವ. ಮುಂದೇನು ಎಂಬುದು ನಿಚ್ಚಳವಾಗಿ ಗೊತ್ತಿದ್ದರೆ ಮಾತ್ರ ನೆಮ್ಮದಿಯಿಂದಿರುವ ಮಗುವಿಗೆ ಇದೇ ಅನುಭವ ಎಷ್ಟು ಪಟ್ಟು ಹೆಚ್ಚಾದೀತು, ಯೋಚಿಸಿ.

ಅದರ ಮೇಲೆ ಶಬ್ದ. ಮೇಲಿನಿಂದ ಧ್ವನಿವರ್ಧಕ, ಪಕ್ಕದಲ್ಲಿ ಕಿರುಚುವ ಮಕ್ಕಳು, ತಲೆಯ ಮೇಲೆ ಹಾದುಹೋಗುವ ರೈಡಿನ ಗಡಗಡ. ಹಿಂದಿನವರ ಚೀಲ ಬೆನ್ನಿಗೆ ತಾಗುತ್ತದೆ, ಮುಂದಿನವರ ಮೊಣಕೈ ಮುಖಕ್ಕೆ ತಾಗುತ್ತದೆ. ನಮ್ಮ ಮಿದುಳು ಇದರಲ್ಲಿ ಮುಕ್ಕಾಲು ಪಾಲನ್ನು ತಾನಾಗಿಯೇ ಸೋಸಿ ಬದಿಗಿಡುತ್ತದೆ. ಆಟಿಸಂ ಇರುವ ಅನೇಕರ ಮಿದುಳು ಹಾಗೆ ಸೋಸುವುದಿಲ್ಲ, ಎಲ್ಲವೂ ಒಂದೇ ತೀವ್ರತೆಯಲ್ಲಿ ಒಳಗೆ ಬರುತ್ತವೆ. ಒಂದು ಹಂತ ದಾಟಿದ ಮೇಲೆ ಮೆಲ್ಟ್‌ಡೌನ್ ಆಗುತ್ತದೆ. ಅದು ಹಟ ಅಲ್ಲ. ಹಟ ಹಿಡಿದ ಮಗು ಕೇಳಿದ್ದು ಸಿಕ್ಕಿದ ಕೂಡಲೇ ಸುಮ್ಮನಾಗುತ್ತದೆ. ಮೆಲ್ಟ್‌ಡೌನ್‌ನಲ್ಲಿ ಆ ಮಗುವಿಗೇ ತನ್ನ ಮೇಲೆ ಹಿಡಿತ ಇರುವುದಿಲ್ಲ, ಏನು ಕೊಟ್ಟರೂ ಅದು ನಿಲ್ಲುವುದಿಲ್ಲ. ಆಗ ಆ ಮಗುವನ್ನು ಹೊರಗೆ ಕರೆತರಬೇಕಾದರೆ ಹಿಂದಿರುವ ನೂರಾರು ಜನರನ್ನು ಸರಿಸಿಕೊಂಡು, ಅವರ ನೋಟಗಳನ್ನು ಹಾದು ಬರಬೇಕು. ಇಷ್ಟಾದ ಮೇಲೆ ಆ ಕುಟುಂಬದ ದಿನ ಅಲ್ಲಿಗೆ ಮುಗಿಯಿತು.

ಈ ಕುಟುಂಬಗಳು ತಯಾರಿಯಿಲ್ಲದೆ ಬರುವುದಿಲ್ಲ. ವಾರಗಟ್ಟಲೆ ಮೊದಲೇ ಚಿತ್ರಗಳನ್ನು ಅಂಟಿಸಿ ದಿನದ ಕ್ರಮ ತಯಾರಿಸುತ್ತಾರೆ. ಪ್ರತಿ ರೈಡಿನ ವಿಡಿಯೊವನ್ನು ಮತ್ತೆ ಮತ್ತೆ ತೋರಿಸುತ್ತಾರೆ. ಶಬ್ದ ತಡೆಯುವ ಹೆಡ್‌ಫೋನ್, ಮಗು ತಿನ್ನುವ ಒಂದೇ ಒಂದು ಬಗೆಯ ತಿಂಡಿ, ಎರಡು ಜೊತೆ ಬಟ್ಟೆ, ಫೋನ್ ನಂಬರ್ ಬರೆದ ಕೈಪಟ್ಟಿ, ಎಲ್ಲ ಹೊತ್ತು ತರುತ್ತಾರೆ. ಅವರು ಕೇಳುವುದು ಒಂದೇ: ಕಾಯುವ ಹೊತ್ತನ್ನು ಆ ಕಂಬಿಗಳ ಆಚೆ ಕಳೆಯುವ ಅವಕಾಶ.

ಡಿಸ್ನಿ ಪಾರ್ಕುಗಳ ಡಿಸೆಬಿಲಿಟಿ ಆಕ್ಸೆಸ್ ಸರ್ವಿಸ್, ಅಂದರೆ ಎಲ್ಲರ ಬಾಯಲ್ಲಿ 'ಡಾಸ್', ಕೊಡುವುದೂ ಅಷ್ಟನ್ನೇ. ಇದನ್ನು ದೂರುವವರು ಅದರ ಕ್ರಮವನ್ನೇ ತಿಳಿದುಕೊಂಡಿಲ್ಲ. 2013ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಸಾಲಿನ ಆಗಿನ ಉದ್ದ ನೋಡಿ ಮರಳಿ ಬರುವ ಹೊತ್ತನ್ನು ಕೊಡುತ್ತಾರೆ. ಸಾಲು ಒಂದು ಗಂಟೆಯದಾಗಿದ್ದರೆ ಹೆಚ್ಚುಕಡಿಮೆ ಒಂದು ಗಂಟೆಯ ಮೇಲೆ ಬರಬೇಕು. ಒಂದು ಮುಗಿಯುವ ತನಕ ಇನ್ನೊಂದು ಸಿಗುವುದಿಲ್ಲ. ಅಂದರೆ ಈ ಮಗುವೂ ಕಾಯುತ್ತದೆ, ಹತ್ತಿರಹತ್ತಿರ ಅಷ್ಟೇ ಹೊತ್ತು ಕಾಯುತ್ತದೆ. ನೆರಳಿನಲ್ಲಿ, ನಡೆದಾಡುತ್ತ, ಬೇಕಾದಾಗ ಶೌಚಾಲಯಕ್ಕೆ ಹೋಗುತ್ತ ಕಾಯುತ್ತದೆ. ಪಕ್ಕದ ಬಾಗಿಲಿನಿಂದ ಒಳಬರುವ ಆ ಕೊನೆಯ ಐದು ನಿಮಿಷವನ್ನು ಮಾತ್ರ ನೋಡಿದವರು "ಕ್ಯೂ ಹಾರಿ ಬಂದರು" ಎನ್ನುತ್ತಾರೆ. ಹಿಂದಿನ ಒಂದು ಗಂಟೆ ಅವರ ಕಣ್ಣಿಗೆ ಬಿದ್ದಿಲ್ಲ.

ಸಾಲಿನಲ್ಲಿ ನಿಲ್ಲುವುದೇ ಥೀಮ್ ಪಾರ್ಕಿನ ಅನುಭವದ ಒಂದು ಭಾಗ, ಅದನ್ನು ಕೆಲವರಿಗೆ ಮಾತ್ರ ಬಿಡಿಸಿದರೆ ಸಮಾನತೆ ಕೆಡುತ್ತದೆ ಎಂಬ ಮಾತಿಗೆ ಬರೋಣ. ಸಾಲು ಅಷ್ಟು ಮುಖ್ಯ ಎಂದು ಸಾಲನ್ನು ಕಟ್ಟಿದವರೇ ನಂಬುವುದಿಲ್ಲ. 1999ರಲ್ಲಿ ಡಿಸ್ನಿ ಫಾಸ್ಟ್‌ಪಾಸ್ ತಂದಿತು. ಯಾರು ಬೇಕಾದರೂ ಉಚಿತವಾಗಿ ಚೀಟಿ ಪಡೆದು, ಬೇರೆ ಕಡೆ ಸುತ್ತಾಡಿ, ಹೇಳಿದ ಹೊತ್ತಿಗೆ ಬರಬಹುದಿತ್ತು. 2012ರಲ್ಲಿ ಫ್ಲಾರಿಡಾದ ಡಂಬೊ ಆನೆಯ ರೈಡಿಗೆ ಹೊಸ ರೂಪ ಕೊಟ್ಟಾಗ ಸಾಲಿನ ಜಾಗದಲ್ಲಿ ಸರ್ಕಸ್ ಡೇರೆಯೊಂದನ್ನು ಕಟ್ಟಿ ಅದರೊಳಗೆ ಮಕ್ಕಳ ಆಟದ ಅಂಗಳ ಮಾಡಿದರು. ಅಪ್ಪ ಅಮ್ಮನ ಕೈಗೆ ಪೇಜರ್ ಕೊಟ್ಟರು, ಸರದಿ ಬಂದಾಗ ಅದು ಗುಂಯ್‌ಗುಡುತ್ತಿತ್ತು, ಅಲ್ಲಿಯವರೆಗೆ ಮಕ್ಕಳು ಆಡುತ್ತಿರಬಹುದಿತ್ತು. 2019ರ ಡಿಸೆಂಬರ್‌ನಲ್ಲಿ ಸ್ಟಾರ್ ವಾರ್ಸ್‌ನ ದೊಡ್ಡ ರೈಡ್ ತೆರೆದಾಗ ನಿಂತು ಕಾಯುವ ಸಾಲೇ ಇರಲಿಲ್ಲ. ಫೋನಿನಲ್ಲಿ ಗುಂಪಿನ ಸಂಖ್ಯೆ ಪಡೆದು, ಕರೆದಾಗ ಬರಬೇಕಿತ್ತು. ಇವೆಲ್ಲ ಇದ್ದಾಗ ಯಾರ ಸಮಾನತೆಗೂ ಧಕ್ಕೆ ಬರಲಿಲ್ಲ. ಕಂಬಿಗಳ ಆಚೆ ಕಾಯುವುದು ಎಲ್ಲ ಮಕ್ಕಳಿಗೂ ಸಲ್ಲುತ್ತದೆ ಎಂದಾದರೆ ಅದಿಲ್ಲದೆ ಪಾರ್ಕಿಗೇ ಬರಲಾಗದ ಮಗುವಿಗೆ ಏಕೆ ಸಲ್ಲದು?

ಇದಕ್ಕಿಂತ ದೊಡ್ಡ ಸಾಕ್ಷಿ ಹಣದ್ದು. ಕೋವಿಡ್‌ನಲ್ಲಿ ನಿಂತ ಉಚಿತ ಫಾಸ್ಟ್‌ಪಾಸ್ ಮತ್ತೆ ಬರಲೇ ಇಲ್ಲ. 2021ರ ಅಕ್ಟೋಬರ್‌ನಲ್ಲಿ ಡಿಸ್ನಿ ವರ್ಲ್ಡ್‌ನಲ್ಲಿ ಅದರ ಜಾಗಕ್ಕೆ ಜೀನಿ ಪ್ಲಸ್ ಬಂತು, ಆರಂಭದ ಬೆಲೆ ತಲೆಗೆ ದಿನಕ್ಕೆ 15 ಡಾಲರ್. 2024ರಲ್ಲಿ ಅದು ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಆಯಿತು. ಅದೇ ವರ್ಷದ ಕೊನೆಗೆ ಪ್ರೀಮಿಯರ್ ಪಾಸ್ ಬಂತು. ಪ್ರವೇಶ ಟಿಕೆಟ್ ಬೇರೆ, ಈ ಪಾಸಿಗೆ ಜನಜಂಗುಳಿಯ ದಿನಗಳಲ್ಲಿ ಒಬ್ಬರಿಗೆ 400 ಡಾಲರಿಗೂ ಮೇಲೆ. ಅದನ್ನು ಕೊಂಡವರು ಯಾವ ಹೊತ್ತಿಗೆ ಬಂದರೂ ಸಾಲನ್ನು ಬಿಟ್ಟು ಪಕ್ಕದ ಬಾಗಿಲಿನಿಂದ ಒಳಗೆ ಹೋಗಬಹುದು. ಬಾಗಿಲು ಒಂದೇ. ಅದೇ ಬಾಗಿಲಿನಲ್ಲಿ ಹಣ ಕೊಟ್ಟವರೂ ಹೋಗುತ್ತಾರೆ, ಆಟಿಸಂ ಇರುವ ಮಗುವೂ ಹೋಗುತ್ತದೆ. ಹಣ ಕೊಟ್ಟವರು ಹೋದಾಗ ಯಾರಿಗೂ ಅನ್ಯಾಯ ಅನಿಸುವುದಿಲ್ಲ, ಮಗು ಹೋದಾಗ ಮಾತ್ರ ಸಮಾನತೆ ನೆನಪಾಗುತ್ತದೆ. ಸಾಲು ನಿಜವಾಗಿ ಅಷ್ಟು ಪವಿತ್ರವಾಗಿದ್ದರೆ ಅದು ಮಾರಾಟಕ್ಕೂ ಇರಬಾರದಿತ್ತು. ಮಾರಾಟಕ್ಕೆ ಇದೆ ಎಂದ ಮೇಲೆ ಅದು ನ್ಯಾಯದ ತತ್ವವಲ್ಲ, ಸರಕು. ಸರಕನ್ನು ತತ್ವವೆಂದು ಮಗುವಿನ ಎದುರು ಹಿಡಿಯುವುದನ್ನು ನಾನು ಒಪ್ಪಲಾರೆ.

ಇದೇ ಪ್ರಶ್ನೆ ಬೇರೆ ರೂಪದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಕೇಸಿ ಮಾರ್ಟಿನ್ ಎಂಬ ಗಾಲ್ಫ್ ಆಟಗಾರನ ಬಲಗಾಲಿಗೆ ರಕ್ತಸಂಚಾರದ ಕಾಯಿಲೆ ಇತ್ತು, ನಡೆಯುವುದೇ ಕಷ್ಟ, ಅಪಾಯ. ವೃತ್ತಿಪರ ಪಂದ್ಯಗಳಲ್ಲಿ ಎಲ್ಲರೂ ನಡೆದೇ ಆಡಬೇಕು ಎಂಬ ನಿಯಮ ಇತ್ತು. ಗಾಡಿ ಬಳಸಲು ಬಿಟ್ಟರೆ ಸ್ಪರ್ಧೆಯ ಸಮಾನತೆ ಹೋಗುತ್ತದೆ ಎಂದು ಪಂದ್ಯ ನಡೆಸುವ ಸಂಸ್ಥೆ ವಾದಿಸಿತು. ಗಾಲ್ಫ್ ಎಂದರೆ ಚೆಂಡನ್ನು ಹೊಡೆಯುವ ಆಟ, ನಡೆಯುವುದು ಅದರ ತಿರುಳಲ್ಲ ಎಂದು 2001ರಲ್ಲಿ ಕೋರ್ಟ್ ಮಾರ್ಟಿನ್ ಪರ ತೀರ್ಪು ಕೊಟ್ಟಿತು. 1990ರ ಅಮೆರಿಕದ ಅಂಗವಿಕಲರ ಕಾಯ್ದೆಯ ಒಳತಿರುಳೂ ಇದೇ: ಒಂದು ಸೇವೆಯ ತಿರುಳನ್ನು ಕೆಡಿಸದೆ ನಿಯಮವನ್ನು ಸಡಿಲಿಸಲು ಸಾಧ್ಯವಿದ್ದು, ಅದರ ಅಗತ್ಯವೂ ಇದ್ದರೆ ಸಡಿಲಿಸಲೇಬೇಕು. ಥೀಮ್ ಪಾರ್ಕಿನ ತಿರುಳು ರೈಡು, ಮೆರವಣಿಗೆ, ಮಗುವಿನ ಮುಖದ ಮೇಲಿನ ಸಂತೋಷ. ಕಂಬಿಗಳ ನಡುವೆ ನಿಲ್ಲುವುದು ಯಾರ ಪಾಲಿಗೂ ಅದರ ತಿರುಳಲ್ಲ.

ಇಲ್ಲಿ ಎದುರಾಳಿಗಳ ಬಲವಾದ ಪ್ರಶ್ನೆಯನ್ನು ಎದುರಿಸಬೇಕು. ಸುಳ್ಳು ಹೇಳಿ ಈ ಸೌಲಭ್ಯ ಪಡೆಯುವವರಿದ್ದಾರೆ, ಅದಕ್ಕೇನು ಹೇಳುತ್ತೀರಿ? ಇದ್ದಾರೆ, ನಿಜ. 2013ಕ್ಕೆ ಮೊದಲು ಇದ್ದ ಗೆಸ್ಟ್ ಅಸಿಸ್ಟೆನ್ಸ್ ಕಾರ್ಡ್‌ನಲ್ಲಿ ಅನೇಕ ಸಲ ಕಾಯದೆಯೇ ಒಳಗೆ ಹೋಗಬಹುದಿತ್ತು. ಆ ವರ್ಷದ ಮೇ ತಿಂಗಳಲ್ಲಿ, ನ್ಯೂಯಾರ್ಕಿನ ಕೆಲವು ಸಿರಿವಂತರು ಅಂಗವಿಕಲರನ್ನು ಬಾಡಿಗೆಗೆ ಜೊತೆ ಮಾಡಿಕೊಂಡು ಸಾಲು ತಪ್ಪಿಸಿಕೊಂಡರು ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಐದು ತಿಂಗಳೊಳಗೆ ಹಳೆಯ ಕಾರ್ಡು ಹೋಗಿ ಹೊಸ ವ್ಯವಸ್ಥೆ ಬಂತು. ಎಲ್ಲಿದ್ದರೂ ಕಾಯುವುದೇ ಅಸಾಧ್ಯ ಎಂದ ಆಟಿಸಂ ಮಕ್ಕಳ ಕುಟುಂಬಗಳು 2014ರಲ್ಲಿ ಕೋರ್ಟಿಗೆ ಹೋದವು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ವಿಷಯದ ಪೂರ್ಣ ವಿಚಾರಣೆ ಆಗಬೇಕೆಂದಿತು, 2020ರಲ್ಲಿ ವಿಚಾರಣಾ ನ್ಯಾಯಾಲಯ ಡಿಸ್ನಿಯ ಪರ ತೀರ್ಪು ಕೊಟ್ಟಿತು. ಆ ತೀರ್ಪನ್ನು ಒಪ್ಪಿಯೇ ಕೇಳುತ್ತೇನೆ: ಮೋಸ ಮಾಡಿದವರು ಯಾರು, ದಂಡ ತೆತ್ತವರು ಯಾರು? ಕಾಯಲು ತಾಳ್ಮೆಯಿಲ್ಲದ ಆರೋಗ್ಯವಂತರು ತಪ್ಪು ಮಾಡಿದರು. ಸೌಲಭ್ಯ ಕಡಿತವಾದದ್ದು ಮಾತು ಬಾರದ ಮಕ್ಕಳಿಗೆ.

2024ರಲ್ಲಿ ಮತ್ತೆ ಅದೇ ಆಯಿತು. ಐದು ವರ್ಷಗಳಲ್ಲಿ ಡಾಸ್ ಬಳಕೆ ಮೂರು ಪಟ್ಟು ದಾಟಿದೆ ಎಂದು ಕಾರಣ ಕೊಟ್ಟು, ಮೇ ತಿಂಗಳಲ್ಲಿ ಫ್ಲಾರಿಡಾದಲ್ಲೂ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲೂ ನಿಯಮ ಬಿಗಿ ಮಾಡಿದರು. ಆಟಿಸಂ ಅಥವಾ ಅದರಂಥ ಬೆಳವಣಿಗೆಯ ತೊಂದರೆ ಇರುವವರಿಗೆ ಮಾತ್ರ ಈಗ ಇದು ಸಿಗುತ್ತದೆ. ಕರುಳಿನ ಕಾಯಿಲೆಯಿಂದ ಮೇಲಿಂದ ಮೇಲೆ ಶೌಚಾಲಯಕ್ಕೆ ಓಡಬೇಕಾದವರು, ಹಿಂದಿನ ಆಘಾತದಿಂದ ಜನರ ನಡುವೆ ಉಸಿರು ಕಟ್ಟುವವರು ಬೇರೆ ದಾರಿ ನೋಡಿಕೊಳ್ಳಬೇಕು. ಇದರ ವಿರುದ್ಧ 2025ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆ ಹೂಡಲಾಗಿದೆ. ಬಳಕೆ ಹೆಚ್ಚಿತು ಎಂದ ಕೂಡಲೇ ಮೋಸ ಹೆಚ್ಚಿತು ಎಂದು ತೀರ್ಮಾನಿಸುವವರು ಇನ್ನೊಂದು ಲೆಕ್ಕವನ್ನೂ ನೋಡಲಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಮೀಕ್ಷೆ ಮಾಡುವ ಪ್ರದೇಶಗಳಲ್ಲಿ 2000ರಲ್ಲಿ 8 ವರ್ಷದ 150 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಗುರುತಿಸಲಾಗಿತ್ತು, 2022ರಲ್ಲಿ ಅದು 31ರಲ್ಲಿ ಒಬ್ಬರು. ಗುರುತಿಸುವ ಕ್ರಮ ಉತ್ತಮವಾಯಿತು, ವ್ಯಾಖ್ಯಾನ ವಿಸ್ತಾರವಾಯಿತು. ಮೊದಲು ಮನೆಯಲ್ಲೇ ಉಳಿಯುತ್ತಿದ್ದ ಕುಟುಂಬಗಳು ಹೊರಗೆ ಬರುತ್ತಿವೆ. ಎಲ್ಲರಿಗೂ ಉಚಿತವಾಗಿದ್ದ ಫಾಸ್ಟ್‌ಪಾಸ್ ಹೋದ ಮೇಲೆ, ಮೊದಲು ಅದರಲ್ಲೇ ಹೇಗೋ ನಿಭಾಯಿಸುತ್ತಿದ್ದವರಿಗೆ ಬೇರೆ ಗತಿಯೂ ಇರಲಿಲ್ಲ.

ಈಗಿನ ಕ್ರಮದಲ್ಲಿ ವಿಡಿಯೊ ಕರೆಯ ಸಂದರ್ಶನ ಇದೆ. ಸೌಲಭ್ಯ ಬೇಕಾದವರು ಆ ಕರೆಯಲ್ಲಿ ಹಾಜರಿರಬೇಕು. ಮಗು ಪಕ್ಕದಲ್ಲಿ ಕುಳಿತಿರುವಾಗ, ತಾಯಿ ಪರದೆಯ ಮೇಲಿನ ಅಪರಿಚಿತರಿಗೆ ಆ ಮಗುವಿನ ಅತಿ ಕಷ್ಟದ ಗಳಿಗೆಗಳನ್ನು ಒಂದೊಂದಾಗಿ ಹೇಳಿ ನಂಬಿಸಬೇಕು. ಎಲ್ಲಿ ಕಚ್ಚಿಕೊಳ್ಳುತ್ತಾನೆ, ಎಲ್ಲಿ ಓಡಿಹೋಗುತ್ತಾನೆ, ಯಾವಾಗ ತಲೆ ಚಚ್ಚಿಕೊಳ್ಳುತ್ತಾನೆ. ಮಾತು ಬಾರದ ಮಗುವಿಗೆ ಮಾತು ಅರ್ಥವಾಗುವುದಿಲ್ಲ ಎಂದು ಭಾವಿಸುವುದು ದೊಡ್ಡ ತಪ್ಪು. ಅಂಥ ಎಷ್ಟೋ ಮಕ್ಕಳಿಗೆ ಎಲ್ಲವೂ ಅರ್ಥವಾಗುತ್ತದೆ. ತನ್ನ ಬಗ್ಗೆ ಅಮ್ಮ ಹೀಗೆ ಹೇಳುವುದನ್ನು ಕೇಳಿಸಿಕೊಂಡು ಮಗು ರಜೆ ಆರಂಭಿಸಬೇಕು. ವೈದ್ಯರ ಒಂದು ಪತ್ರ, ಸರ್ಕಾರದ ಒಂದು ಗುರುತಿನ ಚೀಟಿ ಈ ಕೆಲಸವನ್ನು ಮಾಡಬಲ್ಲದು. ಸುಳ್ಳು ಹೇಳಿದವರನ್ನು ಹಿಡಿಯಿರಿ, ಪಾರ್ಕಿನಿಂದ ಕಾಯಂ ಹೊರಗಿಡಿ, ನನ್ನ ಆಕ್ಷೇಪಣೆ ಇಲ್ಲ. ಪ್ರತಿ ತಾಯಿಯೂ ಸುಳ್ಳಿ ಎಂದು ಹಿಡಿದು, ಅಲ್ಲ ಎಂದು ಸಾಬೀತು ಮಾಡುವ ಹೊರೆಯನ್ನು ಅವಳ ಮೇಲೆ ಹೊರಿಸಬೇಡಿ.

ನಮ್ಮ ಕಡೆ ಹೆಚ್ಚಾಗಿ ಕೇಳುವ ಆಕ್ಷೇಪ ಬೇರೆ. "ಕಾಯೋದು ಕಲೀಬೇಕಲ್ವಾ? ಹೀಗೇ ಬಿಟ್ಟರೆ ಮುಂದೆ ಹೇಗೆ?" ಮಗುವಿನ ಮೇಲಿನ ಪ್ರೀತಿಯಿಂದಲೇ ಹಿರಿಯರು ಇದನ್ನು ಹೇಳುತ್ತಾರೆ. ಆದರೆ ಕಾಯುವುದನ್ನು ಕಲಿಸುವ ಕ್ರಮ ಬೇರೆ. ಅಂಗಡಿಯಲ್ಲಿ ಎರಡು ನಿಮಿಷ, ಕೈಯಲ್ಲಿ ಮರಳಿನ ಗಡಿಯಾರ, ಮುಗಿದ ಕೂಡಲೇ ಮೆಚ್ಚುಗೆ. ಮುಂದಿನ ವಾರ ಮೂರು ನಿಮಿಷ. ಸಾಧ್ಯವಾಗದಿದ್ದರೆ ಹೊರಗೆ ಹೋಗಲು ದಾರಿ. ಇದನ್ನು ಈ ಮಕ್ಕಳ ತಂದೆತಾಯಂದಿರು ದಿನಾ ಮಾಡುತ್ತಾರೆ, ವರ್ಷಗಟ್ಟಲೆ ಮಾಡುತ್ತಾರೆ. ಈಜು ಕಲಿಸುತ್ತೇವೆಂದು ಮಗುವನ್ನು ತುಂಬಿದ ಹೊಳೆಗೆ ಯಾರೂ ನೂಕುವುದಿಲ್ಲ. ಫ್ಲಾರಿಡಾದ ಜುಲೈ ಬಿಸಿಲಿನಲ್ಲಿ ತೊಂಬತ್ತು ನಿಮಿಷದ ಸಾಲೂ ಕಲಿಕೆಯ ಜಾಗವಲ್ಲ. ಇನ್ನೊಂದು ಮಾತು: ಹೇಳಿದ ಹೊತ್ತಿಗೆ ಬರಬೇಕು ಎಂದು ಚೀಟಿ ನೋಡಿ, ಗಡಿಯಾರ ನೋಡಿ ಕಾಯುವ ಮಗು ಕಾಯುವುದನ್ನೇ ಕಲಿಯುತ್ತಿದೆ, ಇನ್ನೂ ಚೆನ್ನಾಗಿ ಕಲಿಯುತ್ತಿದೆ.

ಇವೆಲ್ಲ ಆಕ್ಷೇಪಗಳ ಬುಡದಲ್ಲಿ ಒಂದು ನಂಬಿಕೆ ಕುಳಿತಿದೆ. ಯಾರೂ ಗಟ್ಟಿಯಾಗಿ ಹೇಳುವುದಿಲ್ಲ, ಆದರೆ ಮದುವೆ ಮನೆಗಳಲ್ಲಿ, ನಾಮಕರಣಗಳಲ್ಲಿ ಪಿಸುಮಾತಿನಲ್ಲಿ ಕೇಳಿಸುತ್ತದೆ: "ಅಷ್ಟು ದುಡ್ಡು ಸುರಿದು ಅದನ್ನ ಅಲ್ಲಿಗೆಲ್ಲ ಯಾಕೆ ಕರ್ಕೊಂಡ್ ಹೋಗ್ತಾರೋ. ಅದಕ್ಕೇನು ತಿಳಿಯುತ್ತೆ?" ಈ ಮಗುವಿಗೆ ಬೇಕಾದ್ದು ಚಿಕಿತ್ಸೆ, ತರಬೇತಿ, ವಿಶೇಷ ಶಾಲೆ; ಸಂತೋಷ ಅಲ್ಲ ಎಂಬ ನಂಬಿಕೆ ಇದು. ಸ್ಪೀಚ್ ಥೆರಪಿಗೆ ಖರ್ಚು ಮಾಡಿದರೆ ಹೊಗಳುವವರು ರಜೆಗೆ ಖರ್ಚು ಮಾಡಿದರೆ ಹುಬ್ಬೇರಿಸುತ್ತಾರೆ. ಸಂತೋಷವನ್ನು ಎಲ್ಲರೂ ಒಂದೇ ಬಗೆಯಲ್ಲಿ ತೋರಿಸಬೇಕೆಂಬ ನಿಯಮ ಎಲ್ಲೂ ಇಲ್ಲ. ಒಂದು ಮಗು ಇಡೀ ದಿನ ಅದೇ ಪುಟ್ಟ ರೈಲನ್ನು ಮತ್ತೆ ಮತ್ತೆ ಹತ್ತಬಹುದು. ಇನ್ನೊಂದು ಮಗು ರೈಡನ್ನೇ ಹತ್ತದೆ ತಿರುಗುವ ಚಕ್ರದ ಕೆಳಗೆ ನಿಂತು ಕೈ ಬಡಿಯುತ್ತ ನಗಬಹುದು. ಆ ನಗು ಪೂರ್ತಿ ನಗು. ಜೊತೆಗೆ ಆ ಮಗುವಿನ ಅಕ್ಕನನ್ನೂ ನೆನೆಯಿರಿ. ತಮ್ಮನಿಂದಾಗಿ ಎಷ್ಟೋ ಹುಟ್ಟುಹಬ್ಬಗಳಿಂದ ಅರ್ಧಕ್ಕೇ ಎದ್ದು ಬಂದವಳು ಅವಳು. ಒಂದು ದಿನ ಇಡೀ ಕುಟುಂಬ ಒಟ್ಟಿಗೆ ಒಂದೇ ಬೋಗಿಯಲ್ಲಿ ಕೂರುವುದು ಅವಳಿಗೂ ಸೇರಿದ್ದು.

ಆಟ ಹಕ್ಕು ಎಂಬುದು ನನ್ನ ಭಾವುಕತೆಯಲ್ಲ. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೇ ವಿಧಿ, ಅಂಗವಿಕಲ ಮಕ್ಕಳಿಗೆ ಆಟ, ಮನರಂಜನೆ, ವಿರಾಮಗಳಲ್ಲಿ ಉಳಿದ ಮಕ್ಕಳಿಗೆ ಸಮನಾದ ಅವಕಾಶ ಇರಬೇಕು ಎನ್ನುತ್ತದೆ. 2007ರಲ್ಲಿ ಭಾರತ ಇದನ್ನು ಅನುಮೋದಿಸಿದೆ. ಸಾಧ್ಯವೇ ಎಂದು ಕೇಳುವವರಿಗೆ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಉತ್ತರ ಇದೆ. ಗಾರ್ಡನ್ ಹಾರ್ಟ್‌ಮನ್ ಎಂಬ ಉದ್ಯಮಿ, ತಮ್ಮ ಮಗಳು ಮಾರ್ಗನ್ ಈಜುಕೊಳದಲ್ಲಿ ಆಡಲು ಹೋದಾಗ ಉಳಿದ ಮಕ್ಕಳು ದೂರ ಸರಿದದ್ದನ್ನು ಕಂಡು, 2010ರಲ್ಲಿ ಮಾರ್ಗನ್ಸ್ ವಂಡರ್‌ಲ್ಯಾಂಡ್ ತೆರೆದರು. ಅಂಗವಿಕಲರಿಗೆ ಅಲ್ಲಿ ಪ್ರವೇಶ ಉಚಿತ. ಗಾಲಿಕುರ್ಚಿ ಸಮೇತ ಹತ್ತಬಹುದಾದ ತಿರುಗುಕುದುರೆ ಇದೆ, ದೈತ್ಯಚಕ್ರ ಇದೆ. 2017ರಲ್ಲಿ ಸೇರಿದ ನೀರಿನ ಪಾರ್ಕಿಗಾಗಿ, ವಿದ್ಯುತ್ತಿನ ಬದಲು ಒತ್ತಿದ ಗಾಳಿಯಿಂದ ನಡೆಯುವ, ನೀರಿನಲ್ಲಿ ಕೆಡದ ಗಾಲಿಕುರ್ಚಿಗಳನ್ನೇ ತಯಾರಿಸಿದರು. ಅಂಗವೈಕಲ್ಯ ಇಲ್ಲದ ಮಕ್ಕಳೂ ಅಲ್ಲಿಗೆ ಬರುತ್ತಾರೆ, ಒಟ್ಟಿಗೆ ಆಡುತ್ತಾರೆ. ಈ ಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಂಡು ಪಾರ್ಕನ್ನು ಕಟ್ಟಿದರೆ ಪಕ್ಕದ ಬಾಗಿಲಿನ ಜಗಳವೇ ಬಹುಮಟ್ಟಿಗೆ ಇರುವುದಿಲ್ಲ.

ಈಗ ನಮ್ಮ ನಾಡಿಗೆ ಬರೋಣ. ಸಾಲು ಮುರಿಯುವುದು ನಮಗೆ ಹೊಸದಲ್ಲ. ತಿರುಮಲದಲ್ಲಿ 300 ರೂಪಾಯಿಯ ಶೀಘ್ರ ದರ್ಶನ ಇದೆ. ವೃದ್ಧರಿಗೆ, ಅಂಗವಿಕಲರಿಗೆ ಬೇರೆ ದರ್ಶನದ ವ್ಯವಸ್ಥೆಯೂ ಇದೆ. ಬಿಡದಿಯ ವಂಡರ್‌ಲಾದಲ್ಲಿ ಫಾಸ್ಟ್ ಟ್ರ್ಯಾಕ್ ಟಿಕೆಟ್ ಇದೆ. ಎಲ್ಲಕ್ಕಿಂತ ಮಿಗಿಲಾಗಿ ಮತಗಟ್ಟೆಯ ಸಾಲನ್ನು ನೋಡಿ. ಗಣರಾಜ್ಯದಲ್ಲಿ ಅದಕ್ಕಿಂತ ಸಮಾನವಾದ ಸಾಲು ಇನ್ನೊಂದಿಲ್ಲ. ಮಂತ್ರಿಗೂ ಕೂಲಿಯವರಿಗೂ ಒಂದೇ ಮತ. 2023ರ ಮೇ ತಿಂಗಳ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ 80 ವರ್ಷ ದಾಟಿದವರಿಗೂ ಶೇ 40 ಮತ್ತು ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಮನೆಯಲ್ಲೇ ಮತ ಹಾಕುವ ಅವಕಾಶ ಕೊಟ್ಟರು. ಅಧಿಕಾರಿಗಳೇ ಮತಪತ್ರ ಹಿಡಿದು ಮನೆಗೆ ಹೋದರು. ಅದರಿಂದ ಯಾರ ಮತದ ಬೆಲೆಯೂ ಕಡಿಮೆಯಾಗಲಿಲ್ಲ. ಸಾಲಿನಲ್ಲಿ ನಿಲ್ಲಲಾಗದವರ ಮತವೂ ಎಣಿಕೆಗೆ ಬಂದಾಗಲೇ ಒಬ್ಬರಿಗೆ ಒಂದು ಮತ ಎಂಬುದು ಪೂರ್ಣವಾಯಿತು. ಪ್ರಜಾಪ್ರಭುತ್ವದ ಸಾಲೇ ಬಾಗಬಹುದಾದರೆ ಜಾರುಬಂಡೆಯ ಸಾಲಿಗೆ ಬಾಗಲು ಏನು ಅಡ್ಡಿ?

ಕಾನೂನೂ ನಮ್ಮಲ್ಲಿ ಇದೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು, ಆಟಿಸಂ ಅದರಲ್ಲಿದೆ. ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡದಿರುವುದೂ ತಾರತಮ್ಯವೇ ಎಂದು ಆ ಕಾಯ್ದೆ ಹೇಳುತ್ತದೆ. ಸಂಸ್ಕೃತಿ ಮತ್ತು ಮನರಂಜನೆಗೆ ಅದರಲ್ಲಿ ಪ್ರತ್ಯೇಕ ಸೆಕ್ಷನ್ನೇ ಇದೆ. ಸುಗಮ ಪ್ರವೇಶದ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿದೆ. 2022ರ ಮೇ ತಿಂಗಳಲ್ಲಿ ರಾಂಚಿಯಲ್ಲಿ ವಿಶೇಷ ಅಗತ್ಯದ ಮಗುವೊಂದನ್ನು ವಿಮಾನ ಹತ್ತಲು ಬಿಡದ ಇಂಡಿಗೊ ಸಂಸ್ಥೆಗೆ ವಿಮಾನಯಾನ ನಿಯಂತ್ರಕರು 5 ಲಕ್ಷ ರೂಪಾಯಿ ದಂಡ ಹಾಕಿದರು. ಬೆಂಗಳೂರಿನ ಕೋಲ್ಸ್ ಪಾರ್ಕಿನಲ್ಲಿ 'ಕಿಲಿಕಿಲಿ' ಸಂಸ್ಥೆಯ ಜೊತೆ ಸೇರಿದ ತಂದೆತಾಯಂದಿರು, ಎಲ್ಲ ಮಕ್ಕಳೂ ಒಟ್ಟಿಗೆ ಆಡಬಹುದಾದ ಅಂಗಳವನ್ನು ಮಾಡಿ ತೋರಿಸಿದರು. ದಾರಿ ಗೊತ್ತಿದೆ. ಬೇಕಾದ್ದು ಮನಸ್ಸು.

ಆದ್ದರಿಂದ ನಮ್ಮ ಪಾರ್ಕುಗಳಿಂದ ಕೇಳಬೇಕಾದ್ದು ಇಷ್ಟು. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡು ಅಥವಾ ವೈದ್ಯರ ಪತ್ರ ತೋರಿಸಿದ ಕುಟುಂಬಕ್ಕೆ ಮರಳಿ ಬರುವ ಹೊತ್ತಿನ ಚೀಟಿ ಕೊಡಿ, ಅದಕ್ಕೆ ಹಣ ಕೇಳಬೇಡಿ. ಕಣ್ಣಿಗೆ ಕಾಣದ ತೊಂದರೆಯೂ ತೊಂದರೆಯೇ ಎಂದು ಗೇಟಿನ ಸಿಬ್ಬಂದಿಗೆ ತರಬೇತಿ ಕೊಡಿ. ಒಂದು ತಂಪಾದ, ಶಬ್ದವಿಲ್ಲದ ಕೋಣೆ ಇರಲಿ. ದೊಡ್ಡ ಮಕ್ಕಳ ಬಟ್ಟೆ ಬದಲಿಸಲು ಅಗಲವಾದ ಮೇಜಿರುವ ಶೌಚಾಲಯ ಇರಲಿ. ಯಾವ ರೈಡಿನಲ್ಲಿ ಎಷ್ಟು ಶಬ್ದ, ಎಲ್ಲಿ ಕತ್ತಲು, ಎಲ್ಲಿ ಹಠಾತ್ ಬೆಳಕು ಎಂಬುದನ್ನು ಕನ್ನಡದಲ್ಲಿ ಮೊದಲೇ ತಿಳಿಸಿ. ಸುರಕ್ಷತೆಯ ಕಾರಣ ಇದ್ದರೆ ಆ ರೈಡಿಗೆ, ಆ ಮಗುವಿಗೆ ಸಂಬಂಧಿಸಿ ಹೇಳಿ. ಅಂಗವಿಕಲರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ವಾಪಸ್ ಕಳಿಸಬೇಡಿ. ಇದರಲ್ಲಿ ಯಾವುದೂ ಒಂದು ಹೊಸ ರೈಡಿನಷ್ಟು ದುಬಾರಿಯಲ್ಲ.

ಸಾಲಿನಲ್ಲಿ ನಿಂತವರಿಗೂ ಒಂದು ಮಾತು. ನಿಮ್ಮ ಬೇಸರ ನಿಜ, ನಿಮ್ಮ ಮಗುವಿನ ಕಾಲುನೋವೂ ನಿಜ. ಆ ಸಾಲನ್ನು ಅಷ್ಟು ಉದ್ದ ಮಾಡಿದ್ದು, ಸಾಮರ್ಥ್ಯ ಮೀರಿ ಟಿಕೆಟ್ ಮಾರಿ, ಸಾಲಿನಿಂದ ಬಿಡುಗಡೆಯನ್ನೂ ಮಾರಾಟಕ್ಕಿಟ್ಟ ವ್ಯಾಪಾರ. ಸಿಟ್ಟು ಅದರ ಮೇಲಿರಲಿ. ಪಕ್ಕದ ಬಾಗಿಲಿನಿಂದ ಬಂದ ಮಗು ನಿಮ್ಮ ಹಾಗೆಯೇ ಕಾದು ಬಂದಿದೆ; ಇಲ್ಲಿಯವರೆಗೆ ತಲುಪಲು ನೀವು ಊಹಿಸಲಾರದಷ್ಟು ಶ್ರಮ ಪಟ್ಟಿದೆ. ಆ ಮಗು ನಿಮ್ಮದೇನನ್ನೂ ಕಿತ್ತುಕೊಂಡಿಲ್ಲ. ಅದಕ್ಕೆ ಸಿಕ್ಕಿದ್ದು ಅದರ ಸರದಿ, ನಿಮಗೆ ಸಿಗುವುದು ನಿಮ್ಮ ಸರದಿ. ಎಲ್ಲರನ್ನೂ ಒಂದೇ ಕಂಬಿಗಳ ನಡುವೆ ನಿಲ್ಲಿಸುವುದನ್ನು ಸಮಾನತೆ ಎಂದು ಕರೆಯುವುದನ್ನು ಇನ್ನಾದರೂ ಬಿಡೋಣ. ಎಲ್ಲರೂ ರೈಡು ಹತ್ತಿದರೆ ಮಾತ್ರ ಅದು ಸಮಾನತೆ. ಅದನ್ನು ಕೇಳುವ ತಾಯಿ ಯಾರ ಕ್ಷಮೆಯನ್ನೂ ಕೋರಬೇಕಾಗಿಲ್ಲ, ಯಾರಿಗೂ ಕೃತಜ್ಞಳಾಗಿರಬೇಕಾಗಿಲ್ಲ.